ಕೊಟ್ಟ ನೀರು ಕುಡಿದ ಮೆಹರ್ ಸಿಸ್ಟರ್

ಮೆಹರ್ ಸಿಸ್ಟರ್ ಯಾರನ್ನು ಕಂಡರೂ ಮೊದಲು ಬೈಯುತ್ತಿದ್ದರು, ನಮಸ್ಕಾರ ಆಮೇಲೆ. ಉಗುರು ಬೆಳೆದಿದ್ದರೆ ಉಗುರಿಗೆ, ಕೂದಲು ಹಾರಾಡುತ್ತಿದ್ದರೆ ಕೂದಲಿಗೆ, ಏನೂ ಸಿಗದಿದ್ದರೆ ತಡವಾಗಿ ಬಂದದ್ದಕ್ಕೆ. ನಾನು ಹೇಳಿದ ಹೊತ್ತಿಗೆ ಹಾಜರಾಗುವವಳು. ಅದಕ್ಕೂ ಬೈಗುಳ ಸಿಕ್ಕಿತು: "ಗಡಿಯಾರನ ಮದುವೆ ಆಗಿದೀಯೇನೆ ಸರೋಜಾ?" ಒಂದೇ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸು, ನಾನು ಕಿರಿಯಳು. ನಿವೃತ್ತಿಯಾದ ಮೇಲೂ ಆ ಅಂತರ ಹಾಗೆಯೇ ಉಳಿಯಿತು.

ಬೆಂಗಳೂರಿನ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಭಾನುವಾರ ನಾವಿಬ್ಬರೂ ಕಗ್ಗದಾಸಪುರಕ್ಕೆ ಹೋಗಿ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದು ಬಾಡಿಗೆ ಕೋಣೆಗಳಲ್ಲಿದ್ದ ಹೆಂಗಸರಿಗೆ ಮಕ್ಕಳ ಆರೈಕೆ ಹೇಳಿಕೊಡುತ್ತಿದ್ದೆವು. ಅಲ್ಲಿ ಸಿಸ್ಟರ್ ಅವರದೊಂದು ನಿಯಮವಿತ್ತು. ಮನೆಯವರು ಕೊಟ್ಟ ನೀರು ಕುಡಿಯದೆ ಪಾಠ ಶುರು ಮಾಡುವಂತಿರಲಿಲ್ಲ. ಹೆಂಗಸರು ಚೊಂಬಿನಲ್ಲಿ ನೀರು, ಜೊತೆಗೆ ಚೂರು ಬೆಲ್ಲ ತರುತ್ತಿದ್ದರು. ಸಿಸ್ಟರ್ ಪೂರ್ತಿ ಕುಡಿದು, ಚೊಂಬು ಕೆಳಗಿಟ್ಟು, "ಈಗ ಬೈತೀನಿ, ಕೇಳ್ರಮ್ಮ" ಎನ್ನುತ್ತಿದ್ದರು. ನಾನು ಮನೆಯಿಂದ ಬಾಟಲಿ ತರುತ್ತಿದ್ದುದನ್ನು ಕಂಡು, "ಅವರ ನೀರು ಬೇಡ ಅಂದೋಳ ಮಾತು ಅವರಿಗ್ಯಾಕೆ ಬೇಕು?" ಎಂದು ಅದನ್ನು ಕಿತ್ತು ಚೀಲದೊಳಗೆ ತುರುಕಿದ್ದರು.

ಈ ಕೆಲಸ ನೋಡಿ, ಇಂದಿರಾನಗರದ ಒಂದು ಟ್ರಸ್ಟಿನವರು ಆಫ್ರಿಕಾದ ಹಳ್ಳಿಯೊಂದಕ್ಕೆ ಸ್ವಯಂಸೇವಕರಾಗಿ ಬರುತ್ತೀರಾ ಎಂದು ಕೇಳಿದರು. ಟ್ರಸ್ಟಿನ ಮುಖ್ಯಸ್ಥೆ ವಸುಧಾ ಮೇಡಂ. ಅವರ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಹೊರಡುವಾಗ ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹಂಚಿದರು. 'ಕೊಡಲು ಹೊರಟವರು' ಎಂದು ಬೆನ್ನ ಮೇಲೆ ಅಚ್ಚು. ಸಿಸ್ಟರ್ ಅದನ್ನು ಸುತ್ತಿ, ವಿಮಾನದಲ್ಲಿ ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆದರು.

ಆ ಹಳ್ಳಿಯಲ್ಲಿ ನಮ್ಮ ಬಿಡಾರಕ್ಕೆ ಪಟ್ಟಣದಿಂದ ಕ್ಯಾನುಗಳಲ್ಲಿ ಶುದ್ಧ ನೀರು ಬರುತ್ತಿತ್ತು. ಊರಿನವರಿಗೆ ಹೊಂಡದ ನೀರು. ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಮಾಡಿ ಕುಡಿಸುವುದನ್ನು ಕಲಿಸಲು ಹೋದವರು ನಾವು. ಆ ಪಾಠದ ಮೊದಲ ಮಾತೇ 'ಶುದ್ಧವಾದ ನೀರು ತೆಗೆದುಕೊಳ್ಳಿ' ಎಂದು. ನಮ್ಮ ಇಂಗ್ಲಿಷನ್ನು ಉಳಿದ ಹೆಂಗಸರಿಗೆ ಅವರ ಭಾಷೆಯಲ್ಲಿ ದಾಟಿಸುತ್ತಿದ್ದವಳು ಆ ಊರಿನವಳೇ ಆದ ಗ್ರೇಸ್. ಅವಳು ಆ ಒಂದು ಮಾತನ್ನು ದಾಟಿಸದೆ ನಮ್ಮ ಕ್ಯಾನನ್ನೇ ನೋಡುತ್ತ ನಿಂತಳು.

ಪಾಠಕ್ಕೆ ಮೊದಲು ಅವಳೇ ತಗಡಿನ ಲೋಟದಲ್ಲಿ ನೀರು ತಂದಿದ್ದಳು. ಕುದಿಸಿದ್ದೋ ಏನೋ ಎಂದು ನಾನು ಕೇಳುವಷ್ಟರಲ್ಲಿ ಸಿಸ್ಟರ್ ಕುಡಿದು ಮುಗಿಸಿದ್ದರು. ನೀರು ಕುದಿಸಿ ಎಂದು ಜೀವಮಾನವಿಡೀ ಊರಿಗೆಲ್ಲ ಬೈದವರು!

ಮರುದಿನ ಅವರೇ ರೋಗಿ. ಬಿಡಾರದ ಮಂಚ ಬೇಡವೆಂದು ಪಾಠದ ಗುಡಿಸಲಿನಲ್ಲೇ ಚಾಪೆ ಹಾಸಿಕೊಂಡರು. ಪಕ್ಕದಲ್ಲಿ ಅದೇ ಕಾಯಿಲೆಯ ಒಂದು ಮಗು, ಅದರ ತಾಯಿ.

"ಸರೋಜಾ, ಕ್ಯಾನ್ ಇಲ್ಲಿಗೆ ತಗೊಂಡ್ಬಾ."

ನಮ್ಮ ಜೊತೆಗೇ ಬಂದಿದ್ದ ವಸುಧಾ ಮೇಡಂ ಅಡ್ಡ ನಿಂತರು. "ಅದು ಟೀಮಿನ ನೀರು. ನಾವೇ ಮಲಗಿಬಿಟ್ರೆ ಪಾಠ ಯಾರು ಮಾಡ್ತಾರೆ?"

"ನಾನೂ ಟೀಮೇ. ನನ್ನ ಪಾಲು ತರಿಸಿ. ಅದನ್ನ ಯಾರ ಬಾಯಿಗೆ ಹಾಕ್ತೀನಿ ಅನ್ನೋದು ನಿಮಗೆ ಕೈಕು, ಯಾಕೆ?"

ಕ್ಯಾನ್ ತಂದೆ. ಗ್ರೇಸ್ ಕಲಸಿದಳು. ಸಿಸ್ಟರ್ ಒಂದು ಚಮಚ ನಾಲಿಗೆಗೆ ಹಾಕಿ ಚಾಪೆಯಿಂದಲೇ ಕೂಗಿದರು: "ಉಪ್ಪು ಜಾಸ್ತಿ! ಇದೇನು ಮಗುವಿನ ಬಾಯಾ, ಉಪ್ಪಿನಕಾಯಿ ಜಾಡೀನಾ?" ಬೈದದ್ದು ಕನ್ನಡದಲ್ಲಿ. ಯಾರಿಗೂ ಅನುವಾದ ಬೇಕಾಗಲಿಲ್ಲ. ನಗುತ್ತಲೇ ಅದನ್ನು ಚೆಲ್ಲಿ ಮತ್ತೆ ಮಾಡಿದರು. ಮೊದಲ ಲೋಟ ಮಗುವಿಗೆ ಹೋಯಿತು. ಮಗು ಚೇತರಿಸಿಕೊಂಡಿತು, ಸಿಸ್ಟರೂ ಎದ್ದರು. ಹೊರಡುವಾಗ ಹೆಂಗಸರೆದುರು ಬೆರಳು ಆಡಿಸಿ, ಮತ್ತೆ ಬಂದು ಪರೀಕ್ಷೆ ಮಾಡುತ್ತೇನೆ, ಉಪ್ಪು ಜಾಸ್ತಿಯಾದರೆ ಸುಮ್ಮನಿರುವುದಿಲ್ಲ ಎಂದು ಮಾತು ಕೊಟ್ಟರು.

ಬೆಂಗಳೂರಿಗೆ ಮರಳಿದ ಮೇಲೆ ಮೇಡಂ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಸಿಸ್ಟರ್ ಶಿಸ್ತು ಮುರಿದಿದ್ದಾರಂತೆ, ಕ್ಷಮೆ ಕೇಳಬೇಕಂತೆ. ಈಗ ಸಿಡಿಯುತ್ತಾರೆಂದು ನಾನು ಕಾದೆ. ಸಿಸ್ಟರ್ ಎದ್ದು ನಿಂತರು.

"ತಪ್ಪಾಯ್ತು ಮೇಡಂ. ಮುಂದಿನ ಸಲ ಕಳಿಸಿ. ಮಾತು ಕೊಟ್ಟಿದೀನಿ."

ಅವರು ಯಾರೆದುರಿಗೂ ಹಾಗೆ ಕೇಳಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಮೇಡಂ ನಕ್ಕರು. "ಪರವಾಗಿಲ್ಲ, ಬಿಡಿ. ಆದರೆ ನಿಮಗೂ ವಯಸ್ಸಾಯ್ತು ನೋಡಿ. ರೆಸ್ಟ್ ಮಾಡಿ. ಸರೋಜಾ ಅವರು ಹೋಗಿಬರಲಿ." ಕ್ಷಮೆಯನ್ನು ಕೇಳಿಸಿಕೊಂಡೇ ಬಾಗಿಲು ಹಾಕುವ ಆ ಜಾಣತನವನ್ನು ನಾನು ಮರೆಯಲಾರೆ.

ಆಟೋದಲ್ಲಿ, ನಾನೂ ಹೋಗುವುದಿಲ್ಲ ಎಂದೆ.

"ಚುಪ್! ನೀನೂ ಹೋಗ್ದಿದ್ರೆ ಪರೀಕ್ಷೆ ಯಾರು ತಗೋತಾರೆ, ಆಯಮ್ಮಾನಾ?"

"ನೀವೆಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ ಸಿಸ್ಟರ್?"

"ಸತ್ತೋದ್ಲು ಅಂತ ಹೇಳು."

"ಅಯ್ಯೋ, ಬಿಡ್ತು ಅನ್ನಿ!"

"ಅರೆ, ಮತ್ತೇನ್ ಹೇಳ್ತೀಯ? ನಿಮ್ಮ ಲೋಟದಲ್ಲಿ ನೀರು ಕುಡಿದಿದ್ದಕ್ಕೆ ಅವಳನ್ನ ಬರೋಕೆ ಬಿಡ್ಲಿಲ್ಲ ಅಂತೀಯಾ? ಆಮೇಲೆ ಆ ಗ್ರೇಸ್ ಇನ್ನೊಬ್ಬರಿಗೆ ನೀರು ಕೊಡ್ತಾಳಾ?"

ಹೋದೆ. ಅವರು ಹೇಳಿಕೊಟ್ಟ ಹಾಗೆಯೇ ಹೇಳಿದೆ. ಗ್ರೇಸ್ ನೆಲಕ್ಕೆ ಕುಸಿದು ಅತ್ತಳು. ಹೆಂಗಸರೆಲ್ಲ ಸೇರಿ ಸಿಸ್ಟರ್ ಹೆಸರು ಹಿಡಿದು ಹಾಡಿದರು. ಕಣ್ಣೊರೆಸಿಕೊಂಡು ಪರೀಕ್ಷೆಗೆ ಕುಳಿತರು.

ಬಂದವಳು ನೇರವಾಗಿ ಶಿವಾಜಿನಗರಕ್ಕೆ ಹೋದೆ. ಸಿಸ್ಟರ್ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅತ್ತರಾ?"

"ಅತ್ತರು."

"ಉಪ್ಪು?"

"ಸರಿಯಾಗಿತ್ತು."

"ಹಂಗಾದ್ರೆ ಸತ್ತಿದ್ದು ದಂಡ ಆಗ್ಲಿಲ್ಲ," ಎಂದು ಸೊಪ್ಪಿನ ಕಡ್ಡಿಗಳನ್ನು ಆಚೆ ತಳ್ಳಿದರು.

ಹೋದ ವರ್ಷ ರಂಜಾನ್ ಮುಗಿದ ಮೇಲೆ ಮೆಹರ್ ಸಿಸ್ಟರ್ ತೀರಿಕೊಂಡರು. ಟ್ರಸ್ಟಿನಿಂದ ಬಂದ ದೊಡ್ಡ ಹಾರವನ್ನು ಅವರ ಮಗಳು ಮೆಟ್ಟಿಲು ಹತ್ತಿಸದೆ ವಾಪಸ್ಸು ಕಳಿಸಿದಳು. ಮಣ್ಣು ಮಾಡಿ ಬಂದ ಸಂಜೆ ನನ್ನ ಫೋನಿಗೆ ಗ್ರೇಸಳ ಸಂದೇಶ ಬಂದಿತ್ತು, ಹೇಗಿದ್ದೀರಿ, ಏನು ಸಮಾಚಾರ ಎಂದು. ಚೆನ್ನಾಗಿದ್ದೇನೆ ಎಂದು ಬರೆದೆ. ಅವಳಿಗೆ ಹೇಳುವ ಸುದ್ದಿಯನ್ನು ಅಂದೇ ಹೇಳಿ ಮುಗಿಸಿದ್ದೆ.