ನಾನು ನೋಡಲಿಲ್ಲವೆಂದ ಹಕ್ಕಿ

ಭಾನುವಾರ ಬೆಳಗಿನ ನಿದ್ದೆಗಿಂತ ರುಚಿಯಾದದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂದು ನಂಬಿದ್ದವನು ನಾನು. ಆ ನಿದ್ದೆಗಾಗಿ ಒಮ್ಮೆ ಸುಳ್ಳು ಹೇಳಿದೆ. ಸಣ್ಣ ಸುಳ್ಳು, ಎರಡೇ ಪದದ್ದು.

ಆಗ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹೊಸದಾಗಿ ಬಂದ ಕೆಲವು ದೊಡ್ಡ ಮನುಷ್ಯರು ಸಂಘ ಕಟ್ಟಿಕೊಂಡು, ಭಾನುವಾರ ನಮ್ಮ ಯಡಿಯೂರು ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ಹಕ್ಕಿ ನೋಡುತ್ತಿದ್ದರು. ಎಮ್ಮೆ ಮೇಯಿಸುತ್ತ ಹಕ್ಕಿಗಳ ನಡುವೆಯೇ ಬೆಳೆದ ನನಗೆ ಅದಕ್ಕೂ ಒಂದು ಸಂಘ ಬೇಕೇ ಎಂದು ನಗು. ಹೈಸ್ಕೂಲು ಓದುತ್ತಿದ್ದ ತಂಗಿ ಗೌರಿಗೆ ಮಾತ್ರ ಅದೇ ಪ್ರಾಣ. "ಅಣ್ಣನ ಜೊತೆ ಹೋಗೋದಾದ್ರೆ ಹೋಗು" ಎಂದಳು ಅವ್ವ. ಹೀಗೆ, ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ನಾನು ಐದು ಗಂಟೆಗೆ ಎದ್ದು, ತಂಗಿಯ ಹಿಂದೆ ಆಕಳಿಸುತ್ತ ನಡೆಯುವ ಉದ್ಯೋಗಕ್ಕೆ ನೇಮಕಗೊಂಡೆ.

ಸಂಘದಲ್ಲೊಂದು ನಿಯಮವಿತ್ತು. ಕಂಡದ್ದು ಸಂಘದ ಪುಸ್ತಕಕ್ಕೆ ಏರಬೇಕಾದರೆ ಇಬ್ಬರು ನೋಡಿರಬೇಕು. ಹಾಗೆ ಒಂದಾದರೂ ಬರೆಸಿದವರು ಮಾತ್ರ ಸದಸ್ಯರು. ಗೌರಿಗೆ ಸದಸ್ಯಳಾಗುವ ಆಸೆ.

ಕೆರೆಯ ಮೂಲೆಯ ಜೊಂಡಿನಲ್ಲಿ, ಕನ್ನಡಕ ಹಾಕಿದಂತೆ ಕಣ್ಣ ಸುತ್ತ ಬಿಳಿ ಪಟ್ಟಿಯಿದ್ದ ಒಂದು ಜೋಡಿ ಹಕ್ಕಿ ಗೂಡು ಮಾಡಿತ್ತು. ಎಮ್ಮೆ ಹೊಡೆದುಕೊಂಡು ಹೋಗುವಾಗ ಅದು ಕಣ್ಣಿಗೆ ಬಿದ್ದು, ಅವಳನ್ನು ಕರೆದು ತೋರಿಸಿದೆ. ಒಂದು ತಿಂಗಳು ದಿನಾ ಸಂಜೆ ಇಬ್ಬರೂ ಕಾದೆವು. ಮರಿಯಾಗುವವರೆಗೆ ಸಂಘದಲ್ಲಿ ಬಾಯಿ ಬಿಡಬೇಡ ಎಂದಿದ್ದಳು. "ಬಣ್ಣ ಇರೋದು ಹೆಣ್ಣು ಕಣಣ್ಣ. ಮೊಟ್ಟೆ ಇಟ್ಟು ಹೊರಟೋಯ್ತು. ಕಾವು ಕೂತು ಮರಿ ಸಾಕ್ತಿರೋದು ಈ ಮಂಕು ಗಂಡೇ!" ಎಂದು ಅವಳು ಪಿಸುಗುಟ್ಟಿದಳು. ಎಲ್ಲವನ್ನೂ ನಾನೂ ಕಣ್ಣಾರೆ ನೋಡಿದೆ.

ಮರಿಯಾದ ಮೇಲೆ ಬಂದ ಭಾನುವಾರದ ಹೊತ್ತಿಗೆ ಅವು ಎಲ್ಲೋ ಸರಿದುಹೋಗಿದ್ದವು. ಗೌರಿ ಸಂಘದವರಿಗೆ ಬಾಯಲ್ಲೇ ಹೇಳಿದಳು. ಒಬ್ಬರು ನಕ್ಕರು: "ಗಂಡು ಕಾವು ಕೂರುತ್ತಾ? ನಮ್ಮನೇಲಿ ಹೇಳ್ಬಿಡಬೇಡಮ್ಮ, ನನ್ನೂ ಕೂರಿಸ್ತಾರೆ!" ಪುಸ್ತಕ ಬರೆಯುತ್ತಿದ್ದ ಮೇಷ್ಟ್ರು ಮಾತ್ರ ನಗದೆ ನನ್ನತ್ತ ತಿರುಗಿದರು. "ನೀನೂ ನೋಡಿದೆಯೇನಪ್ಪಾ?"

ಹೂಂ ಎಂದರೆ ಅವಳ ಮದುವೆಯಾಗುವವರೆಗೂ ನನ್ನ ಭಾನುವಾರಗಳು ಮುಗಿದಂತೆ. ಇದು ನಾನು ಎಲ್ಲರಿಗೂ ಹೇಳುವ ಕಾರಣ. ಇನ್ನೊಂದಿದೆ: ನನ್ನ ಹೆಸರು ಶಾಲೆಯ ಹಾಜರಿ ಬಿಟ್ಟರೆ ಯಾವ ಪುಸ್ತಕಕ್ಕೂ ಏರಿರಲಿಲ್ಲ. ಹಕ್ಕಿ ಕಂಡವನು ನಾನು, ಸದಸ್ಯಳಾಗುವವಳು ಅವಳು.

"ಇಲ್ಲ ಸಾರ್" ಎಂದೆ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಮನೆಯ ದಾರಿಯಲ್ಲಿ, ಅವಳು ಕೇಳುವ ಮೊದಲೇ, "ಅಲ್ಲಿ ಬಿಸಿಲು ಕಣ್ಣಿಗೆ ಹೊಡೀತಿತ್ತಲ್ಲ" ಎಂದೆ.

"ನಾವು ನೋಡಿದ್ದೆಲ್ಲ ಸಂಜೆ, ಬಿಸಿಲು ಹೋದ ಮೇಲೆ, ಅಣ್ಣ" ಎಂದಳು. ಅಷ್ಟೇ.

ಮುಂದಿನ ಭಾನುವಾರ ಅವಳು ನನ್ನನ್ನು ಎಬ್ಬಿಸಲಿಲ್ಲ. ತಾನೂ ಹೋಗಲಿಲ್ಲ. ಮರುವರ್ಷ ಗೊಟ್ಟಿಗೆರೆಗೆ ಮದುವೆಯಾಗಿ ಹೋದಳು.

ಮೊನ್ನೆ ಅವಳ ಮನೆಗೆ ಹೋಗಿದ್ದಾಗ ಧೈರ್ಯ ಮಾಡಿದೆ. "ಗೌರಿ, ಅವತ್ತು ನಾನು ಸುಳ್ಳು ಹೇಳ್ದೆ ಕಣೇ."

ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ನನಗೆ ತೋರಿಸಿದ್ದೇ ನೀನಲ್ವಾ?"

ಈಗ ಭಾನುವಾರ ಐದಕ್ಕೆ ತಾನಾಗಿ ಎಚ್ಚರವಾಗುತ್ತದೆ. ಏರಿಯ ಮೇಲೆ ಹೋಗಿ ನಿಲ್ಲುತ್ತೇನೆ. ಎಂತೆಂಥವೋ ಹಕ್ಕಿಗಳು ಕಾಣಿಸುತ್ತವೆ. ನೋಡುವವನು ನಾನೊಬ್ಬನೇ, ನಿಯಮದ ಪ್ರಕಾರ ಒಂದೂ ಲೆಕ್ಕಕ್ಕಿಲ್ಲ.