ಹದ್ದಲ್ಲ, ಹೋಗುವವ

ಒಂದು ಪದದ ಮೂಲ ಹೇಳುವಾಗ ವಾರಿಜಾ ಆಂಟಿ ಚಪ್ಪಲಿ ಕಳಚಿ ನಿಲ್ಲುತ್ತಿದ್ದರು. ಪೊಮೊನಾದ ಕಾಲೇಜಿನಲ್ಲಿ ಜರ್ಮನ್ ಕಲಿಸುವಾಗಲೂ ಅದೇ ರೂಢಿ. ಯಾಕೆಂದು ಕೇಳಿದರೆ, “ಪದದ ಒಳಗೆ ಜನ ಇರ್ತಾರೆ ಮಾರಾಯ, ಚಪ್ಪಲಿ ಹಾಕಿ ಹೋಗ್ಲಿಕ್ಕೆ ಆಗ್ತದಾ?” ಎನ್ನುತ್ತಿದ್ದರು. ಮಂಗಳೂರಿನ ಧಾಟಿ ಮೂವತ್ತು ವರ್ಷದ ಕ್ಯಾಲಿಫೋರ್ನಿಯಾದಲ್ಲೂ ಕರಗಿರಲಿಲ್ಲ.

2021ರಲ್ಲಿ ನಮ್ಮ ಕನ್ನಡ ಸಂಘದ ದೀಪಾವಳಿ ಸಮಿತಿ ವಾಲ್‌ನಟ್‌ನ ಒಂದು ಮನೆಯಲ್ಲಿ ಸೇರಿತ್ತು. ಸಭೆಯ ವರದಿ ಬರೆಯುವುದು ನನ್ನ ಕೆಲಸ. ಹಬ್ಬದ ಅಡುಗೆ ಯಾರಿಗೆ ವಹಿಸುವುದು ಎಂಬ ಮಾತು ಬಂದಾಗ ಆಂಟಿ, ಹೋಟೆಲು ನಡೆಸುತ್ತಿದ್ದ ಸುಧಾಕರಣ್ಣನ ಹೆಸರು ಹೇಳಿದರು. ಕೋವಿಡ್ ಬಂದಾಗ ನಾರ್ತ್‌ರಿಜ್‌ನ ವಿದ್ಯಾರ್ಥಿಗಳಿಗೆ ಊಟದ ಡಬ್ಬಿ ಕಳಿಸಿದವರು ಅವರು. ಆ ಡಬ್ಬಿಗಳ ಫೋಟೋ ಸಂಘದ ಪುಟದಲ್ಲಿ ಹಾಕಿ ಬೀಗಿದ್ದು ಇದೇ ಸಮಿತಿ. ಆಮೇಲೆ ಅವರ ಹೋಟೆಲು ಮುಚ್ಚಿತು, ದಿವಾಳಿ ಅರ್ಜಿ ಹಾಕಿದರು.

“ಅವ್ರ ಮನೇಲಿ ದೀಪಾವಳಿ ಅಲ್ಲ ಆಂಟಿ, ದಿವಾಳಿ!” ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕರು. “ಅಡ್ವಾನ್ಸ್ ತಗೊಂಡು ಎಸ್ಕೇಪ್ ಆದ್ರೆ?”

ಆಂಟಿ ಚಪ್ಪಲಿ ಕಳಚಿದರು.

“ಜರ್ಮನ್‌ನಲ್ಲಿ ‘ಪ್ಲೈಟೆಗೈಯರ್’ ಅಂತ ಉಂಟು. ಪ್ಲೈಟೆ ಅಂದ್ರೆ ದಿವಾಳಿ, ಗೈಯರ್ ಅಂದ್ರೆ ರಣಹದ್ದು. ಆದ್ರೆ ಮೊದಲು ಅದರಲ್ಲಿ ಹದ್ದೇ ಇರ್ಲಿಲ್ಲ. ಯಿಡ್ಡಿಷ್ ಮಾತಾಡುವ ಯಹೂದಿಗಳು ಹೇಳಿದ್ದು ‘ಗೇಯರ್’, ಹೋಗುವವ. ದಿವಾಳಿಯಾಗಿ ಹೊರಟು ಹೋಗುವವ, ಅಷ್ಟೇ. ಕೇಳಿದ ಜರ್ಮನರ ಕಿವಿಯಲ್ಲಿ ಅದು ‘ಗೈಯರ್’ ಆಯ್ತು, ಅವನಿಗೆ ಕೊಕ್ಕು ಬಂತು, ರೆಕ್ಕೆ ಬಂತು. ಸೋತು ಹೋದವನನ್ನೇ ಹೆಣ ತಿನ್ನುವ ಹಕ್ಕಿ ಮಾಡಿದ್ರು! ನೀವೂ ಅದನ್ನೇ ಮಾಡುದಾ?”

“ಕ್ಲಾಸ್ ಮುಗೀತಾ ಆಂಟಿ?” ಎಂದರು ಒಬ್ಬರು.

ಸುಧಾಕರಣ್ಣನಿಗೆ ಅಡುಗೆ ಕೊಡಲಿಲ್ಲ. “ಅವರು ಲಭ್ಯರಿಲ್ಲ ಅಂತ ಬರೀರಿ, ಡೀಸೆಂಟಾಗಿರುತ್ತೆ” ಎಂದರು ಕಾರ್ಯದರ್ಶಿ. ನಾನು ಬರೆದೆ. ವರದಿ ಎಲ್ಲ ಸದಸ್ಯರಿಗೂ ಹೋಯಿತು, ಸುಧಾಕರಣ್ಣನೂ ಅದನ್ನು ಓದಿದರು. ಮತ್ತೆ ಸಂಘದ ಕಡೆ ಬರಲಿಲ್ಲ.

ಆಂಟಿಯನ್ನು ಕೊನೆಯ ಸಲ ನೋಡಿದ್ದು ಸ್ಯಾನ್ ಡಿಯಾಗೋದಲ್ಲಿ, ಮಗಳ ಮನೆಯಲ್ಲಿ. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

“ಆ ರಿಪೋರ್ಟಿನಲ್ಲಿ ನೀನು ಎಂತ ಬರೆದದ್ದು?”

“ಲಭ್ಯರಿಲ್ಲ ಅಂತ.”

“ಕಾಗೆ ಹಾರಿಸುವವ ನೀನು ಅಂತ ಗೊತ್ತಿರ್ಲಿಲ್ಲ. ತಿದ್ದು.”

ಅವರು ತೀರಿಕೊಂಡ ಮೇಲೆ ತಿದ್ದುಪಡಿ ಕಳಿಸಿದೆ. ಹಳೆಯ ವಿಷಯ ಬೇಡವೆಂದು ಸಮಿತಿ ಹಿಂತಿರುಗಿಸಿತು. ಹಾಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ: ಸುಧಾಕರಣ್ಣ ಲಭ್ಯರಿದ್ದರು. ಅವರನ್ನು ಯಾರೂ ಕೇಳಲಿಲ್ಲ.