ಪತ್ತೇದಾರನ ಹೆಸರೂ, ನಮ್ಮ ಮನಿ ಜಗಳಾನೂ

ನಿನ್ನೆ ನನ್ನ ಮೊಮ್ಮಗಳು ನನ್ನ ಜೋಡಿ ಜಗಳಾಡಿದಳ್ರಿ. ಅದೂ ಸಣ್ಣದಲ್ಲ, ಓಣಿಗೆಲ್ಲ ಕೇಳೂ ಹಂಗ. ಈ ಸಂತೋಷ ಹೊಟ್ಟ್ಯಾಗ ಹಿಡಿಸವಲ್ದು. ಅದಕ್ಕ ಈ ವಾರ ಬ್ಯಾರೆ ಏನೂ ಬರಿಯಂಗಿಲ್ಲ.

ಜಗಳಕ್ಕ ಯಾರರ ಹಿಗ್ಗತಾರೇನು ಅಂತೀರಿ? ಕೇಳ್ರಿ.

ಮಗಾ ತನ್ನ ಅಂಗಡಿ ಹಂಸಭಾವಿಯಿಂದ ಶಿಗ್ಗಾವಿಗೆ ತಂದ. ಮೊಮ್ಮಗಳು ರೇಖಾಗ ಹೊಸ ಸಾಲಿ ಆತು, ಗೆಳತ್ಯಾರು ಅಲ್ಲೇ ಉಳದರು. ಅವತ್ತಿಂದ ಹುಡುಗಿ ಬಾಯಿ ಬಂದ್. ಏನ್ ಕೇಳಿದ್ರೂ ತಲಿ ಅಲ್ಲಾಡಸೂದು, ಅಷ್ಟ. ಡಾಕ್ಟರು, 'ಗಂಟಲಾ ಛಲೋ ಐತಿ, ಒತ್ತಾಯ ಮಾಡಬ್ಯಾಡ್ರಿ' ಅಂದ್ರು. ನಾ ಸವಣೂರಿಗೆ ಕರಕೊಂಡು ಹೋಗಿ ಮಂತ್ರಿಸಿದ ದಾರಾ ಕಟ್ಟಿಸಿದೆ. (ಡಾಕ್ಟರಿಗೆ ಹೇಳಬ್ಯಾಡ್ರಿ.) ಬಾಯಿ ಬಿಡಲಿಲ್ಲ.

ಆಕಿ ಲಕ್ಷ್ಯ ಎಲ್ಲಾ ಫೋನಿನ್ಯಾಗಿನ ಒಂದು ಜಪಾನಿ ಕಾರ್ಟೂನಿನ ಮ್ಯಾಲೆ. ಅನಿಮೆ ಅಂತಾರಂತ. ಮೂರನೇತ್ತಾಕ್ಕ ಸಾಲಿ ಬಿಟ್ಟ ನನಗೇನ್ ತಿಳೀಬೇಕು? ಸೊಸಿ ತಿಳಿಸಿ ಹೇಳಿದಳು. ಅದರಾಗೊಂದು ಕೊಲಿ, ಅದನ್ನ ಪತ್ತೆ ಹಚ್ಚಾಕ ಒಬ್ಬ ಪತ್ತೇದಾರ. ಅವನ ಹೆಸರಿನೊಳಗ ಗುಟ್ಟೈತಿ ಅಂತ ಊರೂರಿನ ಫ್ಯಾನ್‌ಗೋಳು ಕುಂತು ಥಿಯರಿ ಬರೀತಾರಂತ. ಜಪಾನಿ ಬರಹದಾಗ ಅವನ ಹೆಸರಿನ ಮೊದಲ ಅಕ್ಷರಕ್ಕ ಕತ್ತಲಿ ಅಂತ ಅರ್ಥ, ಹಂಗಾಗಿ ಪತ್ತೇದಾರನ ಕೊಲಿ ಮಾಡಿದಾಂವ ಅಂತ ಒಬ್ಬಾಂವ. ಅಲ್ಲ, ತಿರುವಿ ಓದಿದರ ಸತ್ತವನ ಹೆಸರು ಬರತೈತಿ ಅಂತ ಇನ್ನೊಬ್ಬಾಕಿ.

ನಾವು ತೊಟ್ಟಿಲದಾಗ ಹಾಕಿ ಛಂದನ ಹೆಸರಿಡ್ತೇವಿ, ಮುಂದ ಜೀವಮಾನ ಪೂರ್ತಿ ತಂಗಿ, ತಮ್ಮ ಅಂತ ಕರಿತೇವಿ. ಅರ್ಥ ಯಾರ್ ಹುಡುಕ್ಯಾರ್ರಿ?

ನಿನ್ನೆ ಮಧ್ಯಾಹ್ನ ರೇಖಾನ ಪಕ್ಕ ಕುಂತು ಅವರಿಕಾಯಿ ಸುಲಿಯಾಕತ್ತಿದ್ದೆ. ಫೋನಿನ್ಯಾಗ ಅದ ಅನಿಮೆ. ಸೊಸಿ ಚಿತ್ರದ ತಳಗ ಬರೂ ಇಂಗ್ಲಿಷ್ ಸಾಲು ಓದಿ ನನಗ ಹೇಳಾಕತ್ತಿದ್ದಳು. ಅದರಾಗೊಬ್ಬಾಕಿ ದೊಡ್ಡ ಕಣ್ಣಿನಾಕಿ. ಪತ್ತೇದಾರಗ ಚಾ ಕೊಡ್ತಾಳ, ಕೋಟು ಮಡಚತಾಳ, ಹೆಸರು ಮಾತ್ರ ಹಿಡದು ಕರಿಯೂದಿಲ್ಲ.

ನನಗ ಫಕ್ಕನ ಹೊಳೀತು. ನಾನೂ ನಮ್ಮ ಮನಿಯವರ ಹೆಸರು ಇವತ್ತಿನತನಕ ಹಿಡದು ಕರದಿಲ್ಲ. (ರೇಷನ್ ಅಂಗಡ್ಯಾಗ ಕೇಳಿದ್ರೂ ಪಕ್ಕದಾಕಿ ಕಡೆ ಹೇಳಸ್ತೇನಿ.)

'ಇದಕ್ಕ ಥಿಯರಿ ಯಾಕ ಬೇಕವಾ? ಆಕಿ ಅವನ ಹೆಂಡ್ತಿ' ಅಂದೆ.

'ಅಜ್ಜೀ, ಸುಮ್ನಿರು. ಆಕಿ ಅವನ ಅವ್ವ.'

ರೇಖಾ ಅಂದದ್ದು. ಸೊಸಿ ಹಂಗ ಗ್ವಾಡಿಗೆ ಆತು ಕುಂತಳು. ನಾ ಬಿಡಲಿಲ್ಲ. ಬಿಟ್ಟು, ಹುಡುಗಿ ಮತ್ತ ಬಾಯಿ ಮುಚ್ಚಿದರ?

'ಎಂಥಾ ಅವ್ವ? ತಲ್ಯಾಗ ಒಂದು ಬಿಳಿ ಕೂದಲಿಲ್ಲ.'

'ಅನಿಮೆದಾಗ ಅವ್ವಗೋಳು ಹಂಗ ಇರ್ತಾರ. ಆಕಿ ಇಟ್ಟ ಖರೇ ಹೆಸರು ಹಿಡದು ಕರದ್ರ ಅಂವ ಯಾರ ಮಗಾ ಅಂತ ವೈರಿಗೆ ಗೊತ್ತಾಗತೈತಿ. ನಮ್ಮ ಥಿಯರಿ ಅದ ಐತಿ.'

'ನಮ್ಮ ಅಂದ್ರ ಯಾರದು?'

'ನಂದು, ಹಂಸಭಾವಿ ಗೆಳತ್ಯಾರದು. ದಿನಾ ಫೋನಿನ್ಯಾಗ ಕೂಡಿ ಬರೀತೇವಿ. ನಿನಗೇನ್ ತಿಳೀತೈತಿ, ಮುದುಕಿ.'

ಮುದುಕಿ ಅಂದಳ್ರಿ. ಎಷ್ಟ್ ಛಂದ ಕೇಳಸ್ತು ಅಂತೀರಿ.

ಫೋನ್ ಕಸಗೊಳ್ರಿ ಅಂತ ಮನಿಗೆ ಬಂದವರೆಲ್ಲ ಬುದ್ಧಿ ಹೇಳಿ ಹೋಗಿದ್ರು. ಕಸಗೊಂಡಿದ್ರ ಆಕೀಗೆ ಉಳದಿದ್ದ ಆ ಗೆಳತ್ಯಾರೂ ಹೋಗ್ತಿದ್ರಲ್ಲ? ನನ್ನ ಎದಿ ಮ್ಯಾಲಿನ ಕಲ್ಲು ಇಳೀತು ನೋಡ್ರಿ.

ಸಂಜಿಕೆ ಎಲ್ಲಾರೂ ಕೂಡೇ ಉಣ್ಣಾಕ ಕುಂತ್ವಿ. ಬಿಸಿ ರೊಟ್ಟಿ, ಅವರಿಕಾಳ ಪಲ್ಯಾ. ರೇಖಾ ತನ್ನ ಅಜ್ಜಗ ಆ ಅನಿಮೆ ಕತಿ ಹೇಳಾಕ ಹತ್ತಿದಳು. 'ಕೊಲಿ ಆದದ್ದು ಯಾರದವಾ?' ಅಂತ ನಮ್ಮ ಮನಿಯವರು ನಡುವ ಕೇಳಿದರು. ಸಾಕಲ್ಲ, ಹುಡುಗಿ ಮತ್ತ ಮೊದಲಿಂದ ಸುರು ಮಾಡಿದಳು. ತಾಟಿನ್ಯಾಗಿನ ರೊಟ್ಟಿ ಒಣಗಿ ಹೋತು.

ಉಣ್ಣೂವಾಗ ಮಾತಾಡಬಾರದು ಅಂತ ಈ ಮನ್ಯಾಗ ಎಲ್ಲಾರಿಗೂ ಕಲಿಸಿದಾಕಿ ನಾನ. ನಿನ್ನೆ ಅದನ್ನ ಹೇಳಾಕ ನನಗೇನ್ ಹುಚ್ಚೇನ್ರಿ?